ವಾಲ್ವ್ ಸೆಟ್ಟಿನ ಕಪ್ಲಿಂಗ್ ಕಂಡೆನ್ಸರ್: ದನಿ ಕೇಳಿ ದೋಷ ಹಿಡಿಯುವುದು

ಹಳೇ ಸೆಟ್ಟುಗಳಲ್ಲಿ ದನಿ ಹೆಚ್ಚಿಸುವ, ಗಾಜಿನ ಬಲ್ಬಿನಂಥ ಭಾಗವೇ ವಾಲ್ವ್. ಅದರಲ್ಲಿ ದನಿ ಒಳಬರುವುದು ಗ್ರಿಡ್, ಹೊರಹೋಗುವುದು ಪ್ಲೇಟ್, ನಡುವಿನ ಬಿಸಿ ಭಾಗ ಕ್ಯಾಥೋಡ್. ಒಂದು ವಾಲ್ವಿನ ಪ್ಲೇಟಿನಿಂದ ಮುಂದಿನ ವಾಲ್ವಿನ ಗ್ರಿಡ್ಡಿಗೆ ದನಿ ದಾಟಿಸುವ ಕಪ್ಲಿಂಗ್ ಕಂಡೆನ್ಸರಿಗೆ ಎರಡೇ ಕೆಲಸ. ಪ್ಲೇಟಿನ ಮೇಲಿನ 150ರಿಂದ 250 ವೋಲ್ಟ್ ಡಿಸಿಯನ್ನು ತಡೆಯಬೇಕು, ದನಿಯನ್ನು ಮಾತ್ರ ಬಿಡಬೇಕು. ತಡೆಯುವುದರಲ್ಲಿ ಸೋತರೆ ಔಟ್‌ಪುಟ್ ವಾಲ್ವ್ ಸುಡುತ್ತದೆ, ಬಿಡುವುದರಲ್ಲಿ ಎಡವಿದರೆ ದನಿ ಕೆಡುತ್ತದೆ. ವ್ಯಾಲ್ಯೂ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಮಾತು ರಿಪೇರಿ ಅಂಗಡಿಗಳಲ್ಲಿ ಓಡಾಡುತ್ತದೆ. ಅದು ತಪ್ಪು. ಕಂಡೆನ್ಸರಿನ ವ್ಯಾಲ್ಯೂ ತಾನಾಗಿ ಸರಿಯೂ ಅಲ್ಲ, ತಪ್ಪೂ ಅಲ್ಲ. ಅದರ ಮುಂದಿರುವ ಗ್ರಿಡ್ ರೆಸಿಸ್ಟರ್ (ಗ್ರಿಡ್ಡಿನಿಂದ ಚಾಸಿಗೆ, ಅಂದರೆ ಸೆಟ್ಟಿನ ಲೋಹದ ತಳಕ್ಕೆ ಹೋಗುವುದು), ಫೀಡ್‌ಬ್ಯಾಕ್ (ಔಟ್‌ಪುಟ್‌ನಿಂದ ಹಿಂದಕ್ಕೆ ಬರುವ ದನಿ), ಕೊನೆಗೆ ಸ್ಪೀಕರ್, ಇವನ್ನು ನೋಡಿಯೇ ತೀರ್ಮಾನ.

ಹಳೇ ಮೈಕ್ ಸೆಟ್, ರೇಡಿಯೋಗ್ರಾಂ, ಇಎಲ್84 ಎಂಬ ಔಟ್‌ಪುಟ್ ವಾಲ್ವ್ ಹಾಕಿ ಮನೆಯಲ್ಲೇ ಕಟ್ಟಿಕೊಂಡ ಆಂಪ್ಲಿಫೈಯರ್, ಮೂರಕ್ಕೂ ಇಲ್ಲಿನ ಪರೀಕ್ಷೆಗಳು ನಡೆಯುತ್ತವೆ. ಸೆಟ್ ಹೊತ್ತು ತಂದವರು ಹೇಳುವ ಮಾತನ್ನೇ ತಲೆಬರಹವಾಗಿ ಇಟ್ಟಿದೆ.

ಮುಚ್ಚಳ ತೆಗೆಯುವ ಮುನ್ನ

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 300–400 ವೋಲ್ಟ್ ನಿಂತಿರುತ್ತದೆ. ಅದನ್ನು ತಾನಾಗಿ ಇಳಿಸುವ ಬ್ಲೀಡರ್ ರೆಸಿಸ್ಟರ್ ಇಲ್ಲದ ಸೆಟ್ಟಿನಲ್ಲಿ ಬಹಳ ಹೊತ್ತು ಇಳಿಯುವುದಿಲ್ಲ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸಿ ಇಳಿಸುವ ಚಾಳಿ ಬಿಡಿ. ಕಂಡೆನ್ಸರೂ ಹಾಳು, ಕಣ್ಣಿಗೂ ಅಪಾಯ. 10 ಕಿಲೋ ಓಮ್, 5 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರಿಗೆ ಒಳ್ಳೆಯ ಇನ್ಸುಲೇಶನ್ ಇರುವ ಎರಡು ವೈರ್, ತುದಿಗೆ ಮೊಸಳೆ ಕ್ಲಿಪ್ ಕಟ್ಟಿಟ್ಟುಕೊಳ್ಳಿ. ಮೊದಲು ಚಾಸಿಗೆ, ಆಮೇಲೆ ಎಚ್‌ಟಿ ಲೈನಿಗೆ (ಪ್ಲೇಟುಗಳಿಗೆ ಹೆಚ್ಚು ವೋಲ್ಟಿನ ಡಿಸಿ ಒಯ್ಯುವ ಲೈನ್) ಹಚ್ಚಿ ಹತ್ತು ಸೆಕೆಂಡ್ ಬಿಡಿ. ಮೀಟರ್ 10 ವೋಲ್ಟಿಗಿಂತ ಕೆಳಗೆ ತೋರಿಸಿದ ಮೇಲೆಯೇ ಕೈ ಒಳಗೆ ಹೋಗಲಿ.

ಚಾಲೂ ಇರುವಾಗ ಅಳೆಯುವುದಾದರೆ ಮೀಟರಿನ ಕರಿ ವೈರನ್ನು ಮುಂಚೆಯೇ ಕ್ಲಿಪ್ಪಿನಿಂದ ಚಾಸಿಗೆ ಕಚ್ಚಿಸಿ. ಕೆಂಪು ಪ್ರೋಬ್ ಒಂದು ಕೈಯಲ್ಲಿ, ಇನ್ನೊಂದು ಕೈ ಜೇಬಿನಲ್ಲಿ. ಕಾಲಲ್ಲಿ ರಬ್ಬರ್ ಚಪ್ಪಲಿ, ಕೆಳಗೆ ಒಣ ಹಲಗೆ. ಸ್ಪೀಕರ್ ಇಲ್ಲದೆ ಸೆಟ್ ಹಚ್ಚಲೇಬೇಡಿ. ಸ್ಪೀಕರ್ ಇಲ್ಲದಿದ್ದರೆ ಅಷ್ಟೇ ಓಮಿನ, ಸೆಟ್ಟಿನ ವ್ಯಾಟಿಗೆ ತಕ್ಕ ರೆಸಿಸ್ಟರ್ ಕಟ್ಟಿ. ಬರಿದೇ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುಡುವ ಸಂಭವವಿದೆ.

ವಾಲ್ವಿನ ಹೆಸರು ‘ಯು’ ಅಕ್ಷರದಿಂದ ಶುರುವಾಗಿದ್ದರೆ, ಅಂದರೆ ಯುಎಲ್84, ಯುಸಿಎಲ್82 ಥರದವು ಇದ್ದರೆ, ಅದು ಎಸಿ-ಡಿಸಿ ಸೆಟ್. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ. ಪ್ಲಗ್ ತಿರುಗಿಸಿ ಚುಚ್ಚಿದರೆ ಚಾಸಿಯ ಮೇಲೆಯೇ 230 ವೋಲ್ಟ್. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಬಿಚ್ಚಬಾರದು.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಸೆಟ್ಟನ್ನು 60 ವ್ಯಾಟಿನ ಸೀರೀಸ್ ಬಲ್ಬಿನ ಮೂಲಕ ಹಚ್ಚಿ. ಬಲ್ಬು ಮೊದಲು ಜೋರಾಗಿ ಹೊತ್ತಿ, ವಾಲ್ವುಗಳ ಫಿಲಮೆಂಟ್ ಕಾದಂತೆ ಮಂಕಾಗಬೇಕು. ಜೋರಾಗಿಯೇ ಉಳಿದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಕಪ್ಲಿಂಗ್ ವಿಚಾರಕ್ಕೆ ಇನ್ನೂ ಬಂದಿಲ್ಲ ಎಂದರ್ಥ. ಸೀರೀಸ್ ಬಲ್ಬು ಇರುವಾಗ ವೋಲ್ಟೇಜ್ ಎಲ್ಲವೂ ಕಡಿಮೆಯೇ ಬರುತ್ತದೆ. ಸೋರಿಕೆಯ ಲೆಕ್ಕವನ್ನು ಬಲ್ಬು ತೆಗೆದ ಮೇಲೆ ಮಾಡಿ.

“ಬಲ್ಬು ಕೆಂಪಗ ಆಗೇತ್ರಿ, ದನಿ ಒಡೀತೈತಿ”

ಹಚ್ಚಿದಾಗ ಚೆನ್ನಾಗಿರುತ್ತದೆ, ಹತ್ತು–ಹದಿನೈದು ನಿಮಿಷಕ್ಕೆ ದನಿ ಒಡೆಯಲು ಶುರು, ಗುಂಯ್ ಸದ್ದು ಏರುತ್ತದೆ, ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಬಿಸಿ. ಕಂಡೆನ್ಸರ್ ಸೋರುತ್ತಿದೆ ಎನ್ನಲು ಇದಕ್ಕಿಂತ ದೊಡ್ಡ ಗುರುತಿಲ್ಲ.

ದೀಪ ಆರಿಸಿ ನೋಡಿ. ವಾಲ್ವಿನ (ಗಿರಾಕಿ ಹೇಳುವ ‘ಬಲ್ಬು’ ಇದೇ) ಒಳಗಿನ ಫಿಲಮೆಂಟ್ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸಹಜ. ಅದರ ಸುತ್ತಲಿನ ಬೂದು ಲೋಹದ ತಗಡು, ಅಂದರೆ ಪ್ಲೇಟೇ, ಮಂದ ಕೆಂಪಿಗೆ ತಿರುಗಿದರೆ ಆ ಕ್ಷಣವೇ ಸ್ವಿಚ್ ಆರಿಸಿ. ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ಹಳೇ ವಾಲ್ವ್ ಅದರಲ್ಲಿದ್ದರೆ ಮತ್ತೆ ಅಂಥದ್ದು ಸಿಗುವುದು ಕಷ್ಟ.

ಮೊದಲು ಖರ್ಚಿಲ್ಲದ ಕೆಲಸ: ಸೆಟ್ ಆರಿಸಿ, ವೋಲ್ಟೇಜ್ ಇಳಿಸಿ, ಕಣ್ಣಿಂದ ನೋಡಿ. ಮೇಣ ಹೊದಿಸಿದ ಪೇಪರ್ ಕಂಡೆನ್ಸರಿನ ಕೆಳಗೆ ಚಾಸಿಯ ಮೇಲೆ ಮೇಣ ತೊಟ್ಟಿಕ್ಕಿದೆಯೇ? ಕರಿ ಟಾರು ತುದಿಯಲ್ಲಿ ಉಬ್ಬಿದೆಯೇ? ಮೈ ಸೀಳಿದೆಯೇ? ಇದ್ದರೆ ಅಳತೆ ಬೇಡ, ಬದಲಿಸಿ. ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ಇರುವ ನಮ್ಮ ಕಡೆ ಮರದ ಪೆಟ್ಟಿಗೆಯೊಳಗೆ ಪೇಪರ್ ಕಂಡೆನ್ಸರಿನ ಮೇಣ ಕರಗಿ ಹೋಗಿರುವುದು ಆಶ್ಚರ್ಯವಲ್ಲ. ಬಿಸಿ ಏರಿದಷ್ಟೂ ಸೋರಿಕೆ ಏರುತ್ತದೆ. ಬೆಳಗ್ಗೆ ಸರಿ ಇದ್ದ ಸೆಟ್ ಮಧ್ಯಾಹ್ನ ಕೈಕೊಡುವುದು ಅದಕ್ಕೇ.

ಮುಂದೆ ಮೀಟರ್. ಇಎಲ್84 ಒಂದೇ ವಾಲ್ವಿನ ಔಟ್‌ಪುಟ್‌ನಲ್ಲಿ ಪ್ಲೇಟಿಗೆ 250 ವೋಲ್ಟ್, ಕ್ಯಾಥೋಡಿಗೆ 135 ಓಮ್ ಇದ್ದರೆ ಕ್ಯಾಥೋಡಿನಲ್ಲಿ ಸುಮಾರು 7.3 ವೋಲ್ಟ್ ಬರಬೇಕು. 10 ವೋಲ್ಟ್ ಬಂದರೆ ವಾಲ್ವಿನಲ್ಲಿ ಒಟ್ಟು 74 ಮಿಲಿ ಆಂಪ್ ಹರಿಯುತ್ತಿದೆ. ಪ್ಲೇಟಿನ ಮೇಲೆ 16 ವ್ಯಾಟಿನಷ್ಟು ಬಿಸಿ. ಅದರ ಮಿತಿ 12 ವ್ಯಾಟ್.

ಈಗ ಗ್ರಿಡ್ಡಿನಲ್ಲಿ ಡಿಸಿ ಅಳೆಯಿರಿ. 10 ಮೆಗ್‌ಓಮ್ ಒಳತಡೆಯ ಡಿಜಿಟಲ್ ಮೀಟರೇ ಬೇಕು. ಹಳೇ ಮುಳ್ಳಿನ ಮೀಟರ್ ತಾನೇ ವೋಲ್ಟೇಜನ್ನು ಎಳೆದು ಸುಳ್ಳು ಹೇಳುತ್ತದೆ. ಗ್ರಿಡ್ಡನ್ನು ಕ್ಯಾಥೋಡಿಗಿಂತ ನೆಗೆಟಿವ್ ಆಗಿ ಇಡುವ ವೋಲ್ಟೇ ಬಯಾಸ್. ಅದು ಕ್ಯಾಥೋಡ್ ರೆಸಿಸ್ಟರಿನಿಂದಲೇ ಸಿಗುವ, ಅಂದರೆ ಕ್ಯಾಥೋಡ್ ಬಯಾಸಿನ ಸೆಟ್ಟಿನಲ್ಲಿ ಗ್ರಿಡ್ ಸೊನ್ನೆ ಇರಬೇಕು. 0.1 ವೋಲ್ಟಿಗಿಂತ ಹೆಚ್ಚು ಪಾಸಿಟಿವ್ ಕಂಡರೆ ಅನುಮಾನ, 1 ವೋಲ್ಟ್ ಕಂಡರೆ ದೋಷ. ಹಿಂದಿನ ಪ್ಲೇಟಿನಲ್ಲಿ 200 ವೋಲ್ಟ್, ಗ್ರಿಡ್ ರೆಸಿಸ್ಟರ್ 470 ಕಿಲೋ ಓಮ್ ಇದ್ದು ಕಂಡೆನ್ಸರ್ ಬರೀ 10 ಮೈಕ್ರೊ ಆಂಪ್ ಸೋರಿದರೂ ಗ್ರಿಡ್ಡಿನಲ್ಲಿ 4.7 ವೋಲ್ಟ್ ನಿಲ್ಲುತ್ತದೆ. ಇಎಲ್84ರ 7 ವೋಲ್ಟ್ ಬಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು.

ಆದರೆ ಗ್ರಿಡ್ ಪಾಸಿಟಿವ್ ಆಗಿದ್ದ ಮಾತ್ರಕ್ಕೆ ಕಂಡೆನ್ಸರನ್ನೇ ದೂರಬೇಡಿ. ಒಳಗೆ ಗಾಳಿ ಸೇರಿದ ವಾಲ್ವೂ ಇದೇ ಆಟ ಆಡುತ್ತದೆ. ಬೇರ್ಪಡಿಸುವುದು ಸುಲಭ: ಸೆಟ್ ಆರಿಸಿ, ಔಟ್‌ಪುಟ್ ವಾಲ್ವ್ ಕಿತ್ತು, ಮತ್ತೆ ಹಚ್ಚಿ, ಸಾಕೆಟ್ಟಿನ ಗ್ರಿಡ್ ಕಾಲಿನಲ್ಲಿ ಅಳೆಯಿರಿ. ವಾಲ್ವ್ ಇಲ್ಲದೆಯೂ ಪಾಸಿಟಿವ್ ಇದ್ದರೆ ಕಳ್ಳ ಕಂಡೆನ್ಸರೇ. ಸೊನ್ನೆಗೆ ಬಂದರೆ ಕಳ್ಳ ವಾಲ್ವ್. ವಾಲ್ವ್ ಕಿತ್ತಾಗ ಎಚ್‌ಟಿ ಏರುತ್ತದೆ, ಆದ್ದರಿಂದ ಅರ್ಧ ನಿಮಿಷದಲ್ಲಿ ಅಳೆದು ಆರಿಸಿ.

ಇನ್ನೂ ಖಾತ್ರಿ ಬೇಕೆಂದರೆ ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಬಿಡಿಸಿ ಗಾಳಿಯಲ್ಲಿಡಿ, ಅದಕ್ಕೂ ಚಾಸಿಗೂ ನಡುವೆ ಮೀಟರ್ ಹಾಕಿ ಸೆಟ್ ಹಚ್ಚಿ. ಗ್ರಿಡ್ ರೆಸಿಸ್ಟರ್ ಅದರ ಜಾಗದಲ್ಲೇ ಇರಲಿ. ಮೊದಲಿಗೆ ಮೀಟರ್ ಎತ್ತರಕ್ಕೆ ಜಿಗಿಯುತ್ತದೆ, ಹೆದರಬೇಡಿ, ಕಂಡೆನ್ಸರ್ ತುಂಬಿಕೊಳ್ಳುತ್ತಿದೆ. 0.1 ಮೈಕ್ರೊಫ್ಯಾರಡಿಗೆ ಪ್ಲೇಟಿನ ವೋಲ್ಟೇಜ್ ನಿಂತ ಮೇಲೆ ಹತ್ತು ಸೆಕೆಂಡಿನಲ್ಲಿ ಅಂಕಿ ಇಳಿದು ನಿಲ್ಲಬೇಕು. ನಿಂತ ವೋಲ್ಟನ್ನು 10ರಿಂದ ಭಾಗಿಸಿದರೆ ಸೋರಿಕೆ ಮೈಕ್ರೊ ಆಂಪಿನಲ್ಲಿ ಸಿಗುತ್ತದೆ. ಒಳ್ಳೆಯ ಫಿಲ್ಮ್ ಕಂಡೆನ್ಸರಿನಲ್ಲಿ ಅದು ಸೊನ್ನೆಯ ಹತ್ತಿರಕ್ಕೆ ಬರುತ್ತದೆ. 10 ವೋಲ್ಟಿನಲ್ಲಿ ನಿಂತರೆ 1 ಮೈಕ್ರೊ ಆಂಪ್. ಇಂದು ಓಡುತ್ತದೆ, ಏಪ್ರಿಲ್‌ನಲ್ಲಿ ಓಡುವುದಿಲ್ಲ.

ಮಲ್ಟಿಮೀಟರಿನ ಕೆಪಾಸಿಟೆನ್ಸ್ ರೇಂಜ್ ಈ ದೋಷವನ್ನು ಹಿಡಿಯುವುದಿಲ್ಲ. ಸೋರುವ ಕಂಡೆನ್ಸರ್ ಅದರಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿಯೂ ಕಾಣಬಹುದು. ಓಮ್ ರೇಂಜೂ ಬೇಡ. ಒಂದೆರಡು ವೋಲ್ಟಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಪೇಪರ್ ಕಂಡೆನ್ಸರ್ 200 ವೋಲ್ಟಿನಲ್ಲಿ ಬಾಯಿ ಬಿಡುತ್ತದೆ.

ಎರಡು ಔಟ್‌ಪುಟ್ ವಾಲ್ವ್ ಜೋಡಿಯಾಗಿ ದುಡಿಯುವ ಪುಶ್-ಪುಲ್ ಸೆಟ್ಟಿನಲ್ಲಿ ಒಂದೇ ವಾಲ್ವ್ ಕೆಂಪಗಾದರೆ ಮೊದಲು ಆ ಕಡೆಯ ಕಂಡೆನ್ಸರ್ ನೋಡಿ. ಬದಲಿಸುವಾಗ ಮಾತ್ರ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದು, ವ್ಯತ್ಯಾಸ ಶೇಕಡಾ 5ರೊಳಗೆ.

“ವಾಲ್ಯೂಮ್ ತಿರುವಿದ್ರ ಗರಗರ ಅಂತೈತಿ, ಕ್ಲೀನ್ ಮಾಡಿದ್ರೂ ಹೋಗವಲ್ದು”

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಎರಡು ದಿನಕ್ಕೆ ಗರಗರ ಮತ್ತೆ ಬಂದರೆ ಪಾಟ್ (ವಾಲ್ಯೂಮ್ ತಿರುವುವ ರೆಸಿಸ್ಟರ್) ಬದಲಿಸಲು ಓಡಬೇಡಿ. ಪಾಟಿನ ಎರಡು ಹೊರ ಕಾಲುಗಳ ನಡುವೆ ಡಿಸಿ ಅಳೆಯಿರಿ. ಅಲ್ಲಿ ಡಿಸಿ ಇರಕೂಡದು. ಅರ್ಧ ವೋಲ್ಟ್ ಕಂಡರೂ ಹಿಂದಿನ ಕಂಡೆನ್ಸರ್ ಸೋರುತ್ತಿದೆ, ಗರಗರ ಆ ಡಿಸಿಯದ್ದು. ಡಿಸಿ ಇಲ್ಲದಿದ್ದರೆ ಆಗ ಪಾಟನ್ನು ಬದಲಿಸಿ. ಸಂಡೂರು ಕಡೆಯ ಅದಿರಿನ ದೂಳು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯ ತೌಡಿನ ದೂಳು ಎರಡೂ ಪಾಟಿನ ಟ್ರ್ಯಾಕಿಗೆ ಒಳ್ಳೆಯದಲ್ಲ. ಆ ದೂಳೇ ತೇವ ಹಿಡಿದು ಭಾಗಗಳನ್ನು ಬೆಸೆದಿರುವ ಟ್ಯಾಗ್ ಸ್ಟ್ರಿಪ್ಪಿನ ಮೇಲೆ ಕೂತರೆ ಪ್ಲೇಟಿನಿಂದ ಗ್ರಿಡ್ಡಿಗೆ ಅದೇ ದಾರಿಯಾಗುತ್ತದೆ. ಹೊಸ ಕಂಡೆನ್ಸರ್ ಹಾಕಿದರೂ ಗ್ರಿಡ್ಡಿನಲ್ಲಿ ವೋಲ್ಟ್ ಉಳಿದಿದ್ದರೆ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಸ್ಟ್ರಿಪ್ಪನ್ನೂ ಸಾಕೆಟ್ಟನ್ನೂ ತೊಳೆಯಿರಿ, ಚೆನ್ನಾಗಿ ಒಣಗಿದ ಮೇಲೆ ಹಚ್ಚಿ.

“ದನಿ ತೆಳ್ಳಗ ಆಗೇತಿ, ಡಗ್ಗಾ ಕೇಳವಲ್ದು”

ಮೊದಲು ಟೋನ್ ಕಂಟ್ರೋಲ್ ಎಲ್ಲಿದೆ ನೋಡಿ, ಬೇರೆ ಸ್ಪೀಕರ್ ಹಚ್ಚಿ ಕೇಳಿ. ಎರಡು ಸ್ಪೀಕರಿದ್ದರೆ ಒಂದರ ವೈರ್ ಅದಲುಬದಲು ಮಾಡಿ. ಇಷ್ಟಕ್ಕೇ ಎಷ್ಟೋ ಸಲ ಸರಿಹೋಗುತ್ತದೆ.

ಆಮೇಲೆ ಕ್ಯಾಥೋಡಿನ ಬೈಪಾಸ್ ಎಲೆಕ್ಟ್ರೊಲಿಟಿಕ್, ಸಾಮಾನ್ಯವಾಗಿ 25 ಮೈಕ್ರೊಫ್ಯಾರಡ್ 25 ವೋಲ್ಟಿನದು. ಒಣಗುತ್ತಾ ಬಂದಂತೆ ಮೊದಲು ಕೆಳಗಿನ ಸ್ವರ ಹೋಗುತ್ತದೆ, ಪೂರ್ತಿ ಒಣಗಿದರೆ ಒಟ್ಟು ದನಿಯೇ ಕುಗ್ಗುತ್ತದೆ. ಸೆಟ್ ಆರಿಸಿ, ಅದಕ್ಕೆ ಅಡ್ಡಲಾಗಿ ಹೊಸದೊಂದನ್ನು ಪ್ಲಸ್ ಮೈನಸ್ ನೋಡಿ ಕ್ಲಿಪ್ಪಿನಿಂದ ಕಚ್ಚಿಸಿ, ಹಚ್ಚಿ ಕೇಳಿ. ಅದೇ ರೀತಿ ಕಪ್ಲಿಂಗಿಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್ 630 ವೋಲ್ಟ್ ಕಚ್ಚಿಸಿ. ಡಗ್ಗಾ ವಾಪಸ್ ಬಂದರೆ ಅಲ್ಲಿದ್ದ ಕಂಡೆನ್ಸರ್ ಒಳಗೇ ಓಪನ್ ಆಗಿದೆ ಅಥವಾ ಹಿಂದಿನವರು ತಪ್ಪು ವ್ಯಾಲ್ಯೂ ಹಾಕಿದ್ದಾರೆ. 104 ಕೇಳಿದಾಗ 103 ಕೊಟ್ಟು ಕಳಿಸುವುದು ಅಪರೂಪವಲ್ಲ. ಮೈಮೇಲಿನ ಅಂಕಿ ಓದಿ: 103 ಅಂದರೆ 0.01, 223 ಅಂದರೆ 0.022, 473 ಅಂದರೆ 0.047, 104 ಅಂದರೆ 0.1, 224 ಅಂದರೆ 0.22 ಮೈಕ್ರೊಫ್ಯಾರಡ್.

ವ್ಯಾಲ್ಯೂ ಸಾಕೇ ಎಂದು ನೋಡುವ ಲೆಕ್ಕ ಒಂದೇ ಸಾಲಿನದು. 0.159ನ್ನು ಗ್ರಿಡ್ ರೆಸಿಸ್ಟರಿನ ಮೆಗ್‌ಓಮ್ ಮತ್ತು ಕಂಡೆನ್ಸರಿನ ಮೈಕ್ರೊಫ್ಯಾರಡ್ ಗುಣಿಸಿದ್ದರಿಂದ ಭಾಗಿಸಿ. ಬಂದ ಹರ್ಟ್ಸಿನಲ್ಲಿ ದನಿ 3 ಡೆಸಿಬೆಲ್ ಇಳಿದಿರುತ್ತದೆ, ಅದರ ಕೆಳಗೆ ಇಳಿಜಾರು. 470 ಕಿಲೋ ಓಮಿಗೆ 0.01 ಹಾಕಿದರೆ 34 ಹರ್ಟ್ಸ್, 0.022ಕ್ಕೆ 15, 0.1ಕ್ಕೆ 3.4. ಅದೇ 0.1ನ್ನು 220 ಕಿಲೋ ಓಮಿನ ಮುಂದೆ ಹಾಕಿದರೆ 7.2. ಪ್ಲೇಟ್ ಕಡೆಯ ತಡೆಯೂ ಇದಕ್ಕೆ ಕೂಡಬೇಕು ನಿಜ, ಆದರೆ ಇಸಿಸಿ83 ವಾಲ್ವಿನಲ್ಲಿ 100 ಕಿಲೋ ಓಮ್ ಲೋಡಿದ್ದಾಗ ಅದು ಸುಮಾರು 38 ಕಿಲೋ ಓಮ್ ಮಾತ್ರ. ಈ ಲೆಕ್ಕಕ್ಕೆ ಬಿಡಬಹುದು.

ಹಾಡು ಕೇಳುವ ಮನೆಯ ಸೆಟ್ಟಿಗೆ ಪ್ರತಿ ಹಂತವೂ 5ರಿಂದ 15 ಹರ್ಟ್ಸಿನೊಳಗೆ ಬಂದರೆ ಸಾಕು. ಅದಕ್ಕಿಂತ ಕೆಳಗೆ ತಳ್ಳಿದರೆ ಕಿವಿಗೆ ಸಿಗುವುದು ಏನೂ ಇಲ್ಲ. ವ್ಯಾಲ್ಯೂ ಬದಲು ಗ್ರಿಡ್ ರೆಸಿಸ್ಟರನ್ನು ಹೆಚ್ಚಿಸಿ ಡಗ್ಗಾ ತರಿಸುವ ಉಪಾಯ ಮಾತ್ರ ಬೇಡ. ಇಎಲ್84ಕ್ಕೆ ಕ್ಯಾಥೋಡ್ ಬಯಾಸಿನಲ್ಲಿ 1 ಮೆಗ್‌ಓಮ್, ಫಿಕ್ಸೆಡ್ ಬಯಾಸಿನಲ್ಲಿ (ಬೇರೆ ನೆಗೆಟಿವ್ ಸಪ್ಲೈಯಿಂದ ಬರುವುದು) 300 ಕಿಲೋ ಓಮ್ ಮಿತಿ. 6ವಿ6, 6ಎಲ್6 ವಾಲ್ವುಗಳಿಗೆ 500 ಮತ್ತು 100 ಕಿಲೋ ಓಮ್. ಮಿತಿ ದಾಟಿದರೆ ವಾಲ್ವಿನ ಸ್ವಂತ ಗ್ರಿಡ್ ಕರೆಂಟೇ ಅದನ್ನು ಸುಡುತ್ತದೆ.

ಹಾರ್ನ್ ಹಚ್ಚುವ ಮೈಕ್ ಸೆಟ್ಟಿನಲ್ಲಿ 0.005 ಅಥವಾ 0.002 ಕಂಡರೆ ಯಾರೋ ತಪ್ಪು ಮಾಡಿದ್ದಾರೆ ಎಂದುಕೊಳ್ಳಬೇಡಿ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಾರ್ನಿನ ಯೂನಿಟ್ಟಿಗೆ ಕೆಳಗಿನ ಸ್ವರ ಕೊಟ್ಟರೆ ಡಯಾಫ್ರಾಂ ಹರಿಯುತ್ತದೆ, 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಟ್ ಆಗಿ ಸೆಟ್ಟನ್ನೇ ಎಳೆಯುತ್ತದೆ. 470 ಕಿಲೋ ಓಮಿಗೆ 0.0022 ಹಾಕಿದರೆ 150 ಹರ್ಟ್ಸ್ ಆಸುಪಾಸು. ಮಾತಿಗೆ, ಹಾರ್ನಿಗೆ ಅದು ಸರಿಯಾದ ಜಾಗ. ಇದನ್ನು 0.1 ಮಾಡಿ “ಬೇಸ್ ಹೆಚ್ಚಿಸಿದ” ಸೆಟ್ ಜಾತ್ರೆ ಮುಗಿಯುವುದರೊಳಗೆ ಎರಡು ಯೂನಿಟ್ ತಿನ್ನುತ್ತದೆ.

“ಜೋರು ಕೂಗಿದ್ರ ಗಂಟ್ಲ ಕಟ್ಟಿದಂಗ ಆಗತೈತಿ”

ಬಯಲಾಟದಲ್ಲಿ ರಾಕ್ಷಸ ಪಾತ್ರಧಾರಿ ಮೈಕಿನೆದುರು ಒಂದು ಆರ್ಭಟ ಕೊಟ್ಟ ಕೂಡಲೇ ಅರ್ಧ ಸೆಕೆಂಡ್ ದನಿ ಉಡುಗುತ್ತದೆ, ಹಾರ್ಮೋನಿಯಂ ಮಾಯ, ಮತ್ತೆ ತೇಲಿ ಬರುತ್ತದೆ. ಮೀಟರಿನಲ್ಲಿ ಎಲ್ಲಾ ವೋಲ್ಟೂ ಸರಿ. ಇದು ಕೆಟ್ಟ ಕಂಡೆನ್ಸರಿನ ದೋಷವಲ್ಲ, ದೊಡ್ಡ ಕಂಡೆನ್ಸರಿನ ದೋಷ.

ದನಿಯ ಶಿಖರ ಗ್ರಿಡ್ಡನ್ನು ಪಾಸಿಟಿವ್ ಕಡೆಗೆ ದಾಟಿಸಿದಾಗ ಗ್ರಿಡ್ ಕರೆಂಟ್ ಎಳೆಯುತ್ತದೆ, ಕಂಡೆನ್ಸರ್ ಬೇಗ ತುಂಬಿಕೊಳ್ಳುತ್ತದೆ. ಖಾಲಿಯಾಗಲು ಇರುವ ದಾರಿ ಗ್ರಿಡ್ ರೆಸಿಸ್ಟರ್ ಒಂದೇ, ಅದು ನಿಧಾನ. ಅಲ್ಲಿಯವರೆಗೆ ಗ್ರಿಡ್ ಆಳವಾಗಿ ನೆಗೆಟಿವ್ ಆಗಿರುತ್ತದೆ, ವಾಲ್ವ್ ಬಂದ್. 0.47 ಮೈಕ್ರೊಫ್ಯಾರಡ್ ಮತ್ತು 470 ಕಿಲೋ ಓಮ್ ಗುಣಿಸಿದರೆ 0.22 ಸೆಕೆಂಡ್, ಪೂರ್ತಿ ಚೇತರಿಸಿಕೊಳ್ಳಲು ಅದರ ಮೂರು ಪಟ್ಟು ಬೇಕು. 0.047 ಮತ್ತು 220 ಕಿಲೋ ಓಮಿಗೆ ಬರೀ 10 ಮಿಲಿಸೆಕೆಂಡ್, ಕಿವಿಗೆ ಗೊತ್ತೇ ಆಗುವುದಿಲ್ಲ.

ಮೊದಲ ಪರೀಕ್ಷೆ ವಾಲ್ಯೂಮ್ ಇಳಿಸುವುದು. ಇಳಿಸಿದಾಗ ಉಸಿರುಕಟ್ಟುವುದು ನಿಂತರೆ ಕಾರಣ ಇದೇ. ವ್ಯಾಲ್ಯೂವನ್ನು ಮೂರನೇ ಒಂದಕ್ಕೆ ಇಳಿಸಿ, ಮತ್ತೆ ಕೂಗಿ ನೋಡಿ. ಸಾಲದಿದ್ದರೆ ಗ್ರಿಡ್ ಕಾಲಿಗೇ ತಾಗಿ 22 ಕಿಲೋ ಓಮಿನ ಸ್ಟಾಪರ್ ರೆಸಿಸ್ಟರ್ ಹಾಕಿ. ಮನೆಯಲ್ಲಿದ್ದ ಫ್ಯಾನಿನ 2.5 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಕಪ್ಲಿಂಗಿಗೆ ಕಟ್ಟಿದ ಸೆಟ್ಟುಗಳಿಗೆ ಸ್ಟಾಪರಿನಿಂದಲೂ ಮೋಕ್ಷವಿಲ್ಲ. ಅದನ್ನು ಕಿತ್ತು ಫ್ಯಾನಿಗೇ ಹಾಕಿ.

“ಪಂಪ್‌ಸೆಟ್ಟಿನಂಗ ಡುಗುಡುಗು ಅಂತೈತಿ”

ಸೆಕೆಂಡಿಗೆ ಒಂದರಿಂದ ಐದು ಸಲ ಬಡಿತ, ಸ್ಪೀಕರಿನ ಕೋನ್ ಕಣ್ಣಿಗೆ ಕಾಣುವಂತೆ ಒಳಹೊರಗೆ ಆಡುತ್ತದೆ. ಮೊದಲ ಅನುಮಾನ ಎಚ್‌ಟಿ ಲೈನಿನ ಫಿಲ್ಟರ್ ಮತ್ತು ಡಿಕಪ್ಲಿಂಗ್ ಎಲೆಕ್ಟ್ರೊಲಿಟಿಕ್ ಮೇಲೆ ಇರಲಿ. ಸೆಟ್ ಆರಿಸಿ, ವೋಲ್ಟೇಜ್ ಇಳಿಸಿ, ಒಂದೊಂದಕ್ಕೂ ಅಡ್ಡಲಾಗಿ 22 ಮೈಕ್ರೊಫ್ಯಾರಡ್ 450 ವೋಲ್ಟ್ ಕಚ್ಚಿಸಿ ನೋಡಿ. ನಿಂತರೆ ಹಳೆಯದನ್ನು ತೆಗೆದು ಹೊಸದು ಹಾಕಿ, ಕಪ್ಲಿಂಗಿಗೆ ಕೈ ಹಚ್ಚಬೇಡಿ.

ನಿಲ್ಲದಿದ್ದರೆ ವಾಲ್ಯೂಮ್ ಪೂರ್ತಿ ಇಳಿಸಿ, ಸೆಟ್ ಆರಿಸಿ, ಔಟ್‌ಪುಟ್‌ನಿಂದ ಹಿಂದಕ್ಕೆ ಬರುವ ಫೀಡ್‌ಬ್ಯಾಕ್ ವೈರ್ ಬಿಡಿಸಿ ಹಚ್ಚಿ. ಈಗ ಬಡಿತ ನಿಂತರೆ ಕಪ್ಲಿಂಗ್ ವ್ಯಾಲ್ಯೂಗಳ ಜೋಡಣೆ ತಪ್ಪಿದೆ. ಒಂದೊಂದು ಕಪ್ಲಿಂಗೂ ಕೆಳಗಿನ ಸ್ವರದಲ್ಲಿ ಫೇಸನ್ನು 90 ಡಿಗ್ರಿಯವರೆಗೆ ತಿರುಗಿಸುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಅಷ್ಟೇ. ಮೂರೂ ಒಂದೇ ಹರ್ಟ್ಸಿನ ಸುತ್ತ ಸೇರಿಕೊಂಡರೆ ತಗ್ಗಿಸಬೇಕಾದ ಫೀಡ್‌ಬ್ಯಾಕ್ ಅಲ್ಲಿ ಉಬ್ಬಿಸಲು ಶುರು ಮಾಡುತ್ತದೆ. ಎರಡೂ ಕಪ್ಲಿಂಗನ್ನು ದೊಡ್ಡದು ಮಾಡಿದರೆ ಬಡಿತ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಎರಡನ್ನೂ ಹತ್ತು ಪಟ್ಟು ದೂರ ಮಾಡಿ: 470 ಕಿಲೋ ಓಮ್ ಮುಂದೆ ಒಂದು ಹಂತದಲ್ಲಿ 0.22 ಇದ್ದರೆ 1.5 ಹರ್ಟ್ಸ್, ಇನ್ನೊಂದರಲ್ಲಿ 0.022 ಇದ್ದರೆ 15 ಹರ್ಟ್ಸ್. ಚಿಕ್ಕದನ್ನು ಮುಂದಿನ ಔಟ್‌ಪುಟ್ ಹಂತದಲ್ಲಿಟ್ಟರೆ ಗಂಟಲು ಕಟ್ಟುವ ದೋಷವೂ ದೂರ.

“ಹೊಸಾದು ಹಾಕಿದ ಮ್ಯಾಲೆ ಗುಂಯ್, ಸೀಟಿ”

ಹೊಸ ಕಂಡೆನ್ಸರಿನ ಕಾಲು ಉದ್ದ ಬಿಟ್ಟಿರಬಹುದು, ಅಥವಾ ಅದು ಹೀಟರ್ ವೈರಿನ ಮೇಲೆ ಮಲಗಿರಬಹುದು. ಒಣ ಮರದ ಕಡ್ಡಿಯಿಂದ ಅದನ್ನು ಮೆಲ್ಲಗೆ ತಳ್ಳಿ ನೋಡಿ. ಸದ್ದು ಬದಲಾದರೆ ಜಾಗ ಬದಲಿಸಿ. ಪಟ್ ಎಂದರೆ ಬೆಸುಗೆ ಸಡಿಲ. ಸುತ್ತು ಫಿಲ್ಮಿನ ಕಂಡೆನ್ಸರಿಗೆ ಹೊರ ಪದರ ಯಾವ ಕಾಲಿಗೆ ಸೇರಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆ ಕಾಲು ಪ್ಲೇಟ್ ಕಡೆ ಇರಲಿ, ಗುಂಯ್ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಕೇಳುವಾಗ

“ಪಾಯಿಂಟ್ ಒನ್, ಸಿಕ್ಸ್ ಥರ್ಟಿ ವೋಲ್ಟ್, ಪಾಲಿಯೆಸ್ಟರ್” ಎಂದು ಮೂರನ್ನೂ ಹೇಳಿ. ಪಾಲಿಪ್ರೊಪಿಲೀನ್ ಸಿಕ್ಕರೆ ಒಳ್ಳೆಯದೇ, ಅದಕ್ಕಾಗಿ ಊರೂರು ಅಲೆಯಬೇಕಿಲ್ಲ. ಸೆರಾಮಿಕ್ ಡಿಸ್ಕ್ ಬೇಡ. 400 ವೋಲ್ಟಿನದು ಸಾಲದೇ ಎಂದು ಕೇಳುವವರಿಗೆ: ಡಯೋಡ್ ರೆಕ್ಟಿಫೈಯರಿನ ಸೆಟ್ಟಿನಲ್ಲಿ ಸ್ವಿಚ್ ಹಾಕಿದೊಡನೆ ವಾಲ್ವ್ ಇನ್ನೂ ಕಾಯದಿರುವಾಗ ಪೂರ್ತಿ ಎಚ್‌ಟಿ ಈ ಕಂಡೆನ್ಸರಿನ ಮೇಲೆಯೇ ಬೀಳುತ್ತದೆ. ಮೇಲಾಗಿ ರಾತ್ರಿ ಲೋಡ್ ಇಳಿದಾಗ ಲೈನ್ 255ಕ್ಕೆ ಏರಿದರೆ, 220 ವೋಲ್ಟ್ ಟ್ಯಾಪಿನಲ್ಲಿರುವ ಹಳೇ ಟ್ರಾನ್ಸ್‌ಫಾರ್ಮರಿನಲ್ಲಿ 300 ಇರಬೇಕಾದ್ದು 348 ಆಗಿರುತ್ತದೆ. ಜನರೇಟರ್ ಇನ್ನೂ ಒರಟು.

ಗಾತ್ರವನ್ನೂ ನೋಡಿ. 0.1 ಮೈಕ್ರೊಫ್ಯಾರಡ್ 630 ವೋಲ್ಟಿನದು ಶೇಂಗಾ ಕಾಯಿಯಷ್ಟಾದರೂ ಇರಬೇಕು. ಶೇಂಗಾ ಬೀಜದಷ್ಟಿದ್ದು ಮೈಮೇಲೆ 630 ಎಂದು ಅಚ್ಚಾಗಿದ್ದರೆ ನಂಬಬೇಡಿ. ಹಾಕುವಾಗ ಔಟ್‌ಪುಟ್ ವಾಲ್ವಿನಿಂದ ದೂರ ಇಡಿ; 85 ಡಿಗ್ರಿ ದಾಟಿದರೆ ಫಿಲ್ಮಿನ ವೋಲ್ಟ್ ತಾಳಿಕೆ ಇಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು

ಕಪ್ಲಿಂಗಿನ ಕಾಲು ಬಿಡಿಸಿದ ಮೇಲೂ, ಗ್ರಿಡ್ ರೆಸಿಸ್ಟರ್ ಸರಿ ಇದ್ದರೂ, ಪ್ಲೇಟ್ ಕೆಂಪಾಗುತ್ತಿದ್ದರೆ ದೋಷ ಬೇರೆ ಕಡೆ ಇದೆ: ವಾಲ್ವ್, ಕ್ಯಾಥೋಡ್ ರೆಸಿಸ್ಟರ್, ಅಥವಾ ಫಿಕ್ಸೆಡ್ ಬಯಾಸಿನ ನೆಗೆಟಿವ್ ಸಪ್ಲೈ ಸತ್ತಿರುವುದು. ನೆಗೆಟಿವ್ ಬಯಾಸ್ ಬಾರದ ಸೆಟ್ಟನ್ನು ಪರೀಕ್ಷೆಗೆಂದೂ ಹಚ್ಚಬೇಡಿ. ಫ್ಯೂಸ್ ಎರಡನೇ ಸಲ ಹೋದರೆ ದಪ್ಪ ತಂತಿ ಕಟ್ಟದೆ ನಿಲ್ಲಿಸಿ. ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾರ್ನಿಷ್ ವಾಸನೆ ಬಂದರೆ, ಚಾಸಿ ಮುಟ್ಟಿದಾಗ ಜುಂ ಎಂದರೆ, ಫೀಡ್‌ಬ್ಯಾಕ್ ಬಿಡಿಸಿದರೂ ಡುಗುಡುಗು ಹೋಗದಿದ್ದರೆ ವಾಲ್ವ್ ಕೆಲಸ ಬಲ್ಲ ಮೇಸ್ತ್ರಿಗೆ ಕೊಡಿ. ಅಳೆದ ವೋಲ್ಟುಗಳನ್ನು ಚೀಟಿಯಲ್ಲಿ ಬರೆದು ಸೆಟ್ಟಿಗೆ ಅಂಟಿಸಿದರೆ ಅವರ ಅರ್ಧ ಕೆಲಸ ಕಡಿಮೆ.

ನೀವೇ ಬದಲಿಸಿದ್ದರೆ ಮುಚ್ಚಳ ಹಾಕಿ, ಮಧ್ಯಾಹ್ನದ ಬಿಸಿಲು ಹೊತ್ತಿನಲ್ಲಿ ಎರಡು ಗಂಟೆ ಹಾಡು ಹಚ್ಚಿ ಬಿಡಿ, ಹತ್ತಿರವೇ ಕೂತಿರಿ. ಆಮೇಲೆ ಮುಚ್ಚಳ ತೆಗೆದು, ಬಿಸಿ ಆರುವ ಮುನ್ನ ಗ್ರಿಡ್ ಮತ್ತು ಕ್ಯಾಥೋಡ್ ಇನ್ನೊಮ್ಮೆ ಅಳೆಯಿರಿ. ಗ್ರಿಡ್ಡಿನಲ್ಲಿ ಸೊನ್ನೆ ನಿಂತಿದ್ದರೆ ಸೆಟ್ ಮನೆಗೆ ಕಳಿಸಬಹುದು.